ಚರ್ಮದ ಜಾಕೆಟ್ಟಿಗೆ ಎಷ್ಟು ನೀರು, ಎಷ್ಟು ಎಣ್ಣೆ?

ಚರ್ಮದ ಜಾಕೆಟ್ ಕೊಳೆಯಿಂದ ಹಾಳಾಗುವುದು ಕಡಿಮೆ. ಚೊಕ್ಕ ಮಾಡಲು ಹೊರಟವರ ಕೈಯಲ್ಲಿ ಹಾಳಾಗುವುದೇ ಹೆಚ್ಚು. ವಾಷಿಂಗ್ ಮಷೀನಿಗೆ ಹಾಕಿ ತೆಗೆದಾಗ ಮುದುಡಿ ಗಟ್ಟಿಯಾದದ್ದು, ಬಿಸಿಲಿಗೆ ಹರವಿ ಬಣ್ಣ ಕಳೆದುಕೊಂಡದ್ದು, ಹೊಳಪು ಬರಲೆಂದು ತೆಂಗಿನೆಣ್ಣೆ ಸವರಿ ಅಂಟಂಟಾದದ್ದು ಎಲ್ಲವೂ ಕಾಳಜಿಯಿಂದಲೇ ಆದ ಅನಾಹುತಗಳು. ಹೀಗೆ ಮಾಡಿ, ಹಾಗೆ ಮಾಡಬೇಡಿ ಎನ್ನುವ ಪಟ್ಟಿಗಳಿಗೇನೂ ಕೊರತೆಯಿಲ್ಲ. ಆದರೆ ಒಂದರ ಮಾತು ಇನ್ನೊಂದಕ್ಕೆ ತಾಳೆಯಾಗುವುದಿಲ್ಲ. ಒಬ್ಬರು ವಿನಿಗರ್ ಹಚ್ಚಿ ಎನ್ನುತ್ತಾರೆ, ಇನ್ನೊಬ್ಬರು ಅದನ್ನು ಹತ್ತಿರಕ್ಕೂ ತರಬೇಡಿ ಎನ್ನುತ್ತಾರೆ. ಚರ್ಮದೊಳಗೆ ಏನಿದೆ ಎಂದು ಒಮ್ಮೆ ತಿಳಿದುಕೊಂಡರೆ ಯಾವ ಸಲಹೆಯನ್ನು ನಂಬಬಹುದು, ಯಾವುದನ್ನು ಬಿಡಬೇಕು ಎಂದು ನಾವೇ ತೂಗಿ ನೋಡಬಹುದು. ಅಲ್ಲಿಂದಲೇ ಶುರು ಮಾಡೋಣ.

ಚರ್ಮದೊಳಗೆ ಏನಿದೆ

ಹಸಿ ತೊಗಲಿನಲ್ಲಿ ನೀರನ್ನು ಬಿಟ್ಟರೆ ಮುಖ್ಯವಾಗಿ ಇರುವುದು ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳು. ನೇಯ್ಗೆಯ ಕ್ರಮವಿಲ್ಲದೆ ಎಲ್ಲ ದಿಕ್ಕಿಗೂ ಹೆಣೆದುಕೊಂಡಿರುವುದರಿಂದಲೇ ಚರ್ಮ ಸುಲಭಕ್ಕೆ ಹರಿಯುವುದಿಲ್ಲ. ಹಸಿ ತೊಗಲನ್ನು ಹಾಗೇ ಬಿಟ್ಟರೆ ಕೊಳೆಯುತ್ತದೆ, ಒಣಗಿಸಿದರೆ ಗಡುಸಾಗುತ್ತದೆ. ಎರಡನ್ನೂ ತಡೆಯಲು ಅದನ್ನು ಹದ ಮಾಡುತ್ತಾರೆ. ಮರದ ತೊಗಟೆಯಲ್ಲಿ ಸಿಗುವ ಟ್ಯಾನಿನ್ ಎಂಬ ಒಗರು ಪದಾರ್ಥದಿಂದ ಹದ ಮಾಡುವುದು ಬಹಳ ಹಳೆಯ ಪದ್ಧತಿ. ಕ್ರೋಮಿಯಂ ಲವಣ ಬಳಸುವ ಪದ್ಧತಿ ನೆಲೆಯೂರಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ಅಮೆರಿಕದಲ್ಲಿ ಅಗಸ್ಟಸ್ ಶುಲ್ಟ್ಸ್ 1884ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ವಾರ, ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಕೆಲಸ ಇದರಿಂದ ಕೆಲವೇ ದಿನಗಳಿಗೆ ಇಳಿಯಿತು. ಇವತ್ತು ನಾವು ತೊಡುವ ಚರ್ಮದ ಬಟ್ಟೆಗಳಲ್ಲಿ ಬಹುಪಾಲು ಕ್ರೋಮ್ ಹದದವೇ.

ಹದದ ಬಲ ಗೊತ್ತಾಗುವುದು ಬಿಸಿನೀರಿನಲ್ಲಿ. ಹಸಿ ತೊಗಲು ಸುಮಾರು 60ರಿಂದ 65 ಡಿಗ್ರಿ ಸೆಲ್ಸಿಯಸ್ಸಿಗೇ ಮುದುಡಿಕೊಳ್ಳುತ್ತದೆ. ತೊಗಟೆಯಿಂದ ಹದವಾದದ್ದು 70ರಿಂದ 85 ಡಿಗ್ರಿಯ ತನಕ ತಾಳುತ್ತದೆ. ಚೆನ್ನಾಗಿ ಕ್ರೋಮ್ ಹದವಾದ ಚರ್ಮ ಕುದಿಯುವ ನೀರಿಗೂ ಜಗ್ಗುವುದಿಲ್ಲ. ಹಾಗಿದ್ದರೆ ಕ್ರೋಮ್ ಹದದ ಜಾಕೆಟ್ ವಾಷಿಂಗ್ ಮಷೀನಿನ ಉಗುರುಬೆಚ್ಚನೆಯ ನೀರಿನಲ್ಲಿ ಯಾಕೆ ಕೆಡಬೇಕು?

ಎಣ್ಣೆ ತೊಳೆದುಹೋಗುವುದರಿಂದ. ಹದವಾದ ಒದ್ದೆ ಚರ್ಮವನ್ನು ಹಾಗೇ ಒಣಗಿಸಿದರೆ, ನೀರು ಆರುತ್ತಿದ್ದಂತೆ ಎಳೆಗಳು ಒಂದಕ್ಕೊಂದು ಅಂಟಿಕೊಂಡು, ಗಂಜಿ ಹೆಚ್ಚಾದ ಬಟ್ಟೆಯ ಹಾಗೆ ಸೆಟೆದುಕೊಳ್ಳುತ್ತದೆ. ಅದಕ್ಕೇ ಕಾರ್ಖಾನೆಯಲ್ಲಿ ಒಣಗಿಸುವ ಮೊದಲು ನೀರಿನಲ್ಲಿ ಕದಡಿದ ಎಣ್ಣೆಯನ್ನು ಎಳೆಗಳ ನಡುವೆ ಇಳಿಸುತ್ತಾರೆ. ಜಾಕೆಟ್ ಮೆತ್ತಗಿರುವುದು, ಮೊಣಕೈ ಮಡಚುವಲ್ಲಿ ಬಿರುಕು ಬಿಡದಿರುವುದು ಈ ಎಣ್ಣೆಯಿಂದ. ಡಿಟರ್ಜೆಂಟ್ ಇರುವುದೇ ಜಿಡ್ಡು ತೆಗೆಯಲಿಕ್ಕೆ. ಮೈಯಿಂದ ಅಂಟಿದ ಜಿಡ್ಡು ಯಾವುದು, ಚರ್ಮಕ್ಕೆ ಬೇಕಾದ ಎಣ್ಣೆ ಯಾವುದು ಎಂಬ ಭೇದ ಅದಕ್ಕಿಲ್ಲ. ಮಷೀನು ಇಡೀ ಬಟ್ಟೆಯನ್ನು ನೆನೆಸಿ, ಕುಲುಕಿ, ಹಿಂಡಿ ಆ ಎಣ್ಣೆಯನ್ನು ಹೊರಗೆ ಹಾಕುತ್ತದೆ. ಆಮೇಲೆ ಒಣಗುವಾಗ ಎಳೆಗಳು ಮತ್ತೆ ಅಂಟಿಕೊಳ್ಳುತ್ತವೆ. ನೀರಿನಲ್ಲಿ ನೆನೆಸಬೇಡಿ ಎಂಬ ಮಾತಿನ ಹಿಂದಿರುವ ಕಾರಣ ಇಷ್ಟೇ.

ಇನ್ನೊಂದು ಸಂಗತಿ ಆಮ್ಲ ಮತ್ತು ಕ್ಷಾರದ್ದು. ಸಿದ್ಧವಾದ ಚರ್ಮ ತುಸು ಆಮ್ಲೀಯ. ಅದರ ಪಿಎಚ್ ಹೆಚ್ಚಾಗಿ 3.5ರಿಂದ 5ರ ಒಳಗಿರುತ್ತದೆ. ಸಾಬೂನಿನ ನೀರಿನ ಪಿಎಚ್ 9, 10ರ ಹತ್ತಿರ. ಕ್ಷಾರ ತಗುಲಿದಾಗ ಎಳೆಗಳು ಬಣ್ಣವನ್ನೂ ಹದದ ಪದಾರ್ಥವನ್ನೂ ಹಿಡಿದಿಟ್ಟುಕೊಂಡ ಬಿಗಿ ಸಡಿಲವಾಗುತ್ತದೆ. ಮೈ ಸಾಬೂನು, ಬಟ್ಟೆ ಸೋಪು, ಅಡುಗೆ ಸೋಡಾ ಕಲಸಿದ ಪೇಸ್ಟ್ ಇವು ಯಾವುವೂ ಜಾಕೆಟ್ಟಿನ ಹೊರಮೈಗೆ ಸಲ್ಲದಿರುವುದು ಇದಕ್ಕೇ. ಹೆಸರು ನೋಡಿ ಮೋಸ ಹೋಗುವವರು ಬಹಳ ಜನ: ಸ್ಯಾಡಲ್ ಸೋಪ್ ಕೂಡ ಸಾಬೂನೇ, ಕ್ಷಾರೀಯವೇ. ಕುದುರೆ ಜೀನಿನ ದಪ್ಪ ಚರ್ಮಕ್ಕೆಂದು ಮಾಡಿದ್ದು ಅದು; ಕುರಿ ಚರ್ಮದ ಮೆತ್ತನೆಯ ಜಾಕೆಟ್ಟಿಗೆ ಅತಿಯಾಯಿತು. ವಿನಿಗರ್ ಆಮ್ಲೀಯ ನಿಜ, ಆದರೆ ಚರ್ಮಕ್ಕೆ ಬೇಕಾದ್ದಕ್ಕಿಂತ ಹುಳಿ ಹೆಚ್ಚು, ಜಿಡ್ಡು ತೆಗೆಯುವ ಶಕ್ತಿಯೂ ಅಷ್ಟಕ್ಕಷ್ಟೆ. ಅದರಿಂದ ಆಗುವ ಉಪಕಾರ ಏನೆಂದು ನನಗಂತೂ ಕಾಣುವುದಿಲ್ಲ.

ಮೊದಲು ಗುರುತು ಹಿಡಿಯಿರಿ

ಜಾಕೆಟ್ಟಿನ ಒಳ ಅಂಚಿನಲ್ಲಿ, ಕಣ್ಣಿಗೆ ಬೀಳದ ಜಾಗದಲ್ಲಿ, ಒಂದು ಹನಿ ನೀರು ಬಿಟ್ಟು ನೋಡಿ. ಹನಿ ಗುಂಡಗೆ ನಿಂತು ಜಾರಿದರೆ ಮೇಲೆ ಬಣ್ಣದ ಲೇಪವಿದೆ ಎಂದರ್ಥ. ಅಂಗಡಿಯಲ್ಲಿ ಕಾಣುವ ಚರ್ಮದ ಬಟ್ಟೆಗಳಲ್ಲಿ ಇಂಥವು ಧಾರಾಳ, ನೋಡಿಕೊಳ್ಳುವುದೂ ಸುಲಭ. ಕೊಳೆ ಲೇಪದ ಮೇಲೇ ಕೂತಿರುತ್ತದೆ. ಹನಿ ಇಂಗಿ ಆ ಜಾಗ ಕಪ್ಪಾದರೆ ಅದು ಅನಿಲೀನ್ ಬಗೆ: ಬಣ್ಣ ಎಳೆಗಳೊಳಗೆ ಇಳಿದಿದೆ, ಮೇಲೆ ಕಾಪಾಡುವ ಪದರ ಇಲ್ಲ ಅಥವಾ ತೀರ ತೆಳು. ಮುಟ್ಟಲು ಬಲು ಹಿತ, ರಂಧ್ರಗಳೂ ಸಹಜ ಗೆರೆಗಳೂ ಕಾಣುತ್ತವೆ. ಆದರೆ ನೀರು, ಎಣ್ಣೆ, ಬೆವರು ಏನು ಬಿದ್ದರೂ ಕುಡಿದುಬಿಡುತ್ತದೆ. ಇವೆರಡರ ನಡುವಿನ ಬಗೆಗಳೂ ಉಂಟು, ಹನಿ ನಿಧಾನಕ್ಕೆ ಇಂಗುತ್ತದೆ. ಅನುಮಾನ ಬಂದರೆ ಅನಿಲೀನ್ ಎಂದೇ ಭಾವಿಸಿ ಮುಂದುವರಿಯುವುದು ಕ್ಷೇಮ.

ಮುಟ್ಟಿದರೆ ಜುಂಗು ಜುಂಗಾಗಿ, ಕೈಯಾಡಿಸಿದ ಕಡೆಗೆ ಬಣ್ಣ ಬದಲಿದಂತೆ ಕಂಡರೆ ಅದು ಸ್ವೀಡ್ ಅಥವಾ ನ್ಯೂಬಕ್. ಸ್ವೀಡ್ ತೊಗಲಿನ ಒಳಮೈ. ನ್ಯೂಬಕ್ ಹೊರಮೈಯನ್ನೇ ಉಜ್ಜಿ ನವಿರು ಮಾಡಿದ್ದು. ಇವಕ್ಕೆ ಮುಂದೆ ಹೇಳುವ ಒದ್ದೆ ಬಟ್ಟೆಯ ವಿಧಾನ ಹೊಂದುವುದಿಲ್ಲ.

ಚರ್ಮವೇ ಅಲ್ಲದ್ದೂ ಇರಬಹುದು. ಕತ್ತರಿಸಿದ ಅಂಚಿನಲ್ಲಿ ಎಳೆಗಳ ಬದಲು ಬಟ್ಟೆಯ ನೇಯ್ಗೆ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಕಂಡರೆ ಅದು ಕೃತಕ ಚರ್ಮ. ಪಾಲಿಯುರೆಥೇನ್ ಲೇಪದ ಜಾಕೆಟ್ಟುಗಳು ಕೆಲವು ವರ್ಷಗಳಲ್ಲಿ ಚಕ್ಕೆ ಚಕ್ಕೆಯಾಗಿ ಉದುರುವುದನ್ನು ಎಲ್ಲರೂ ನೋಡಿದ್ದೇವೆ. ಗಾಳಿಯ ತೇವ ಆ ಪ್ಲಾಸ್ಟಿಕ್ಕಿನ ಅಣುಸರಪಳಿಯನ್ನೇ ಕಡಿಯುವುದರಿಂದ ಹಾಗಾಗುತ್ತದೆ. ತೊಡದೆ ಕಪಾಟಿನಲ್ಲಿ ಇಟ್ಟರೂ ಆಗುತ್ತದೆ. ಅದಕ್ಕೆ ಕ್ರೀಮು ಹಚ್ಚುವುದು ವ್ಯರ್ಥ; ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಒರೆಸುವ ಕ್ರಮ

ಜೇಬುಗಳನ್ನು ಖಾಲಿ ಮಾಡಿ, ಮೆತ್ತನೆಯ ಬ್ರಷ್ಷಿನಿಂದ ಅಥವಾ ಒಣ ಬಟ್ಟೆಯಿಂದ ಧೂಳು ಹೊಡೆಯಿರಿ. ಈ ಹೆಜ್ಜೆಯನ್ನು ಹಾರಿಸುವವರೇ ಹೆಚ್ಚು. ಧೂಳಿನಲ್ಲಿ ಮರಳಿನ ಕಣಗಳಿರುತ್ತವೆ. ಒದ್ದೆ ಬಟ್ಟೆಯಲ್ಲಿ ತಿಕ್ಕಿದಾಗ ಅವು ಲೇಪವನ್ನು ಗೀಚುತ್ತವೆ. ಹೊಲಿಗೆಯ ಸಂದು, ಕಾಲರಿನ ಅಡಿ, ಜಿಪ್ಪಿನ ಎರಡು ಬದಿ, ಇಲ್ಲೆಲ್ಲ ಧೂಳು ಕೂತಿರುತ್ತದೆ.

ಇನ್ನು ನೀರು. ಉಗುರುಬೆಚ್ಚನೆಯ ನೀರಿಗೆ ಕೆಲವೇ ಹನಿ ಸೌಮ್ಯವಾದ ದ್ರವ, ಮಕ್ಕಳ ಶಾಂಪೂವಿನಂಥದ್ದು, ಹಾಕಿ ನೊರೆ ಮಾಡಿಕೊಳ್ಳಿ. ಚರ್ಮಕ್ಕೆಂದೇ ಮಾಡಿದ ಕ್ಲೀನರ್ ಸಿಕ್ಕರೆ ಇನ್ನೂ ಒಳ್ಳೆಯದು, ಅದರ ಪಿಎಚ್ ಚರ್ಮಕ್ಕೆ ಹೊಂದುವಂತೆ ಇರುತ್ತದೆ. ಬಿಳಿಯ ಹತ್ತಿ ಬಟ್ಟೆಯನ್ನು ಅದ್ದಿ, ನೀರು ತೊಟ್ಟಿಕ್ಕದಷ್ಟು ಗಟ್ಟಿಯಾಗಿ ಹಿಂಡಿ. ಬಿಳಿಯೇ ಯಾಕೆಂದರೆ ಚರ್ಮದ ಬಣ್ಣ ಬಿಡುತ್ತಿದ್ದರೆ ತಕ್ಷಣ ಕಾಣುತ್ತದೆ. ಬಣ್ಣದ ಬಟ್ಟೆಯಾದರೆ ಅದರ ಬಣ್ಣವೇ ಚರ್ಮಕ್ಕೆ ಹತ್ತಬಹುದು. ಮೊದಲು ಒಳ ಅಂಚಿನಲ್ಲಿ ಒರೆಸಿ, ಪೂರ್ತಿ ಒಣಗುವ ತನಕ ಕಾಯಿರಿ. ಒದ್ದೆಯಿದ್ದಾಗ ಎಲ್ಲ ಚರ್ಮವೂ ಕಪ್ಪಾಗಿ ಕಾಣುವುದರಿಂದ, ಒಣಗದೆ ತೀರ್ಮಾನಕ್ಕೆ ಬರುವುದು ಬೇಡ.

ಪರೀಕ್ಷೆಯಲ್ಲಿ ಪಾಸಾದರೆ ಒಂದೊಂದು ತುಂಡನ್ನಾಗಿ ಎತ್ತಿಕೊಳ್ಳಿ: ಒಂದು ತೋಳು, ಬೆನ್ನಿನ ಒಂದು ಭಾಗ, ಹೀಗೆ. ಹೊಲಿಗೆಯಿಂದ ಹೊಲಿಗೆಯವರೆಗೆ ಪೂರ್ತಿ ಒರೆಸಬೇಕು. ಕಲೆಯಿದ್ದ ಜಾಗವನ್ನಷ್ಟೇ ಒದ್ದೆ ಮಾಡಿದರೆ ಅದರ ಸುತ್ತ ಒಂದು ಗೆರೆ ಉಳಿಯುತ್ತದೆ. ನೀರು ಹರಡುವಾಗ ಕೊಳೆ, ಉಪ್ಪು, ಸಡಿಲ ಬಣ್ಣ ಎಲ್ಲವನ್ನೂ ಅಂಚಿಗೆ ಒಯ್ದು, ಅಲ್ಲಿ ಆರಿ, ಅವನ್ನು ಅಲ್ಲೇ ಬಿಟ್ಟುಹೋಗುತ್ತದೆ. ಇಡೀ ತುಂಡು ಸಮನಾಗಿ ತೇವವಾದರೆ ಅಂಚು ಹೊಲಿಗೆಯಲ್ಲಿ ಅಡಗುತ್ತದೆ. ಆಮೇಲೆ ಬರೀ ನೀರಿನಲ್ಲಿ ಹಿಂಡಿದ ಇನ್ನೊಂದು ಬಟ್ಟೆಯಿಂದ ನೊರೆಯ ಶೇಷ ತೆಗೆದು, ಒಣ ಬಟ್ಟೆಯಿಂದ ಒತ್ತಿ.

ಕಾಲರ್ ಮತ್ತು ತೋಳಿನ ತುದಿ ಹಟಮಾರಿಗಳು. ಅಲ್ಲಿ ಸೇರಿರುವುದು ಬೆವರಿನ ಉಪ್ಪು ಮತ್ತು ಮೈಯ ಜಿಡ್ಡು. ಬರಬರುತ್ತಾ ಅದು ಲೇಪವನ್ನೇ ಮೆತ್ತಗೆ ಮಾಡುತ್ತದೆ. ಒಂದೇ ದಿನ ತಿಕ್ಕಿ ತೀಡಿ ಹೊಸದು ಮಾಡುವ ಹಂಬಲ ಬಂದಾಗಲೇ ಬಣ್ಣ ಎದ್ದುಬರುವುದು. ಹಗುರವಾಗಿ ಒರೆಸಿ, ಒಣಗಿಸಿ, ಇನ್ನೊಂದು ದಿನ ಮತ್ತೊಮ್ಮೆ ನೋಡಿ. ಅನಿಲೀನ್ ಚರ್ಮದಲ್ಲಿ ಕಾಲರ್ ಕಪ್ಪಾಗಿದ್ದರೆ ಅದು ಪೂರ್ತಿ ಹೋಗುವುದಿಲ್ಲ, ಯಾಕೆಂದರೆ ಜಿಡ್ಡು ಎಳೆಗಳೊಳಕ್ಕೆ ಹೋಗಿದೆ. ಮೊದಲಿನಿಂದಲೇ ಕುತ್ತಿಗೆಗೆ ಒಂದು ಸ್ಕಾರ್ಫ್ ಸುತ್ತಿಕೊಳ್ಳುವುದು ಇದಕ್ಕಿರುವ ಒಳ್ಳೆಯ ಉಪಾಯ.

ಒಣಗಿಸಲು ಅಗಲ ಭುಜದ ಹ್ಯಾಂಗರ್ ಬೇಕು. ಒದ್ದೆ ಚರ್ಮ ಹಿಗ್ಗುತ್ತದೆ, ಹಿಗ್ಗಿದ ಆಕಾರದಲ್ಲೇ ಒಣಗಿ ನಿಲ್ಲುತ್ತದೆ. ತಂತಿಯ ಹ್ಯಾಂಗರಿಗೆ ನೇತುಹಾಕಿದರೆ ಭುಜದ ಮೇಲೆ ಎರಡು ಮೊನೆ ಏಳುತ್ತವೆ. ನೆರಳಿನಲ್ಲಿ, ಗಾಳಿಯಾಡುವ ಕಡೆ, ಒಂದೆರಡು ದಿನ. ಬಿಸಿಲು, ಹೀಟರು, ಹೇರ್ ಡ್ರೈಯರು ಬೇಡ. ಮಳೆಯಲ್ಲಿ ತೊಯ್ದು ಬಂದ ಜಾಕೆಟ್ಟಿಗೂ ಇದೇ ಉಪಚಾರ: ಹಿಂಡದೆ, ಬಟ್ಟೆಯಿಂದ ಒತ್ತಿ ನೀರು ತೆಗೆದು, ಆಕಾರ ಸರಿಪಡಿಸಿ ನೇತುಹಾಕಿ. ಒಂದು ಪಕ್ಕ ಮಾತ್ರ ನೆನೆದಿದ್ದರೆ ಆ ತುಂಡಿನ ಉಳಿದ ಭಾಗವನ್ನೂ ತುಸು ತೇವ ಮಾಡುವುದು, ಆಗಲೇ ಹೇಳಿದ ಗೆರೆಯ ಕಾರಣಕ್ಕೆ.

ಎಣ್ಣೆ ಬಿದ್ದರೆ ನೀರು ಮುಟ್ಟಿಸಬೇಡಿ. ಮೇಲಿನದನ್ನು ಕಾಗದದಿಂದ ಹೀರಿಸಿ, ಕಾರ್ನ್‌ಫ್ಲೋರ್ ಅಥವಾ ಟಾಲ್ಕಂ ಪೌಡರ್ ದಪ್ಪಗೆ ಉದುರಿಸಿ, ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಬ್ರಷ್ ಮಾಡಿ, ಬೇಕಾದರೆ ಮತ್ತೊಮ್ಮೆ. ಪೆನ್ನಿನ ಶಾಯಿ ಬೇರೆಯೇ ಕಥೆ. ಶಾಯಿಯನ್ನು ಕರಗಿಸುವ ಸ್ಪಿರಿಟ್, ಉಗುರುಬಣ್ಣದ ರಿಮೂವರ್, ಹೇರ್‌ಸ್ಪ್ರೇ ಎಲ್ಲವೂ ಚರ್ಮದ ಲೇಪವನ್ನೂ ಕರಗಿಸಬಲ್ಲವು. ಸಣ್ಣ ನೀಲಿ ಗೀರು ಹೋಗಿ ದೊಡ್ಡ ಬೋಳು ಕಲೆ ಬರುತ್ತದೆ. ಗೀರನ್ನು ಹಾಗೇ ಬಿಡಿ, ಇಲ್ಲವೇ ಚರ್ಮದ ಕೆಲಸ ಬಲ್ಲವರಿಗೆ ಕೊಡಿ.

ಒಳಪದರದ ಬಟ್ಟೆಯನ್ನು ಮರೆಯಬಾರದು. ಜಾಕೆಟ್ಟಿನ ವಾಸನೆ ಹೆಚ್ಚಿನ ಸಲ ಅಲ್ಲಿಯದೇ. ಮಗುಚಿ, ಸೌಮ್ಯ ಸೋಪಿನ ನೊರೆಯಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಆ ತೇವ ಹಿಂದಿನ ಚರ್ಮಕ್ಕೆ ಇಳಿಯದ ಹಾಗೆ ನೋಡಿಕೊಂಡು, ಮಗುಚಿದ ಸ್ಥಿತಿಯಲ್ಲೇ ಒಣಗಿಸಿ. ಸೆಂಟು ಹೊಡೆದರೆ ಎರಡು ವಾಸನೆಗಳಾಗುತ್ತವೆ.

ಎಣ್ಣೆ ಹಚ್ಚುವ ಆಸೆ

ಚರ್ಮಕ್ಕೆ ಎಣ್ಣೆ ಬೇಕು ಎಂದು ತಿಳಿದ ಕೂಡಲೇ ಕೈ ಅಡುಗೆಮನೆಯ ಕಡೆ ಹೋಗುತ್ತದೆ. ಇಲ್ಲಿ ತಡೆಯಿರಿ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಹವೆ ತಂಪಾದಾಗ ಚರ್ಮದ ಮೇಲೆ ಬಿಳಿಯಾಗಿ ಕಾಣಿಸಿಕೊಳ್ಳಬಹುದು. ಆಲಿವ್, ಸೂರ್ಯಕಾಂತಿಯಂಥ ಎಣ್ಣೆಗಳು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಕ್ರಮೇಣ ಕಮಟಾಗುತ್ತವೆ, ಅಂಟಾಗುತ್ತವೆ, ಆ ಅಂಟಿಗೆ ಧೂಳು ಹತ್ತುತ್ತದೆ. ಕಾರ್ಖಾನೆಯಲ್ಲಿ ಎಣ್ಣೆಯನ್ನು ಸೂಕ್ಷ್ಮ ಹನಿಗಳಾಗಿ ಒಡೆದು ಎಳೆಗಳ ನಡುವೆ ಸಮನಾಗಿ ಇಳಿಸಿರುತ್ತಾರೆ. ಮೇಲಿಂದ ಸವರಿದ ಎಣ್ಣೆ ಹಾಗೆ ಹರಡುವುದಿಲ್ಲ. ಬಿದ್ದಲ್ಲೇ ಕೂತು ಕಲೆಯಾಗುತ್ತದೆ.

ವಸ್ತುಸಂಗ್ರಹಾಲಯಗಳೇ ಈ ವಿಷಯದಲ್ಲಿ ಮನಸ್ಸು ಬದಲಿಸಿವೆ. ಹಳೆಯ ಚರ್ಮದ ರಟ್ಟಿನ ಪುಸ್ತಕಗಳಿಗೆ ಉಣ್ಣೆಯ ಕೊಬ್ಬಾದ ಲ್ಯಾನೋಲಿನ್, ಜೇನುಮೇಣ, ಸೀಡರ್ ಎಣ್ಣೆ ಬೆರೆಸಿದ ಲೇಪ ಹಚ್ಚುವುದು ಒಂದು ಕಾಲದಲ್ಲಿ ವಾಡಿಕೆಯಾಗಿತ್ತು. ಬ್ರಿಟಿಷ್ ಮ್ಯೂಸಿಯಂ ಲೆದರ್ ಡ್ರೆಸ್ಸಿಂಗ್ ಎಂಬ ಹೆಸರಿನಲ್ಲಿ ಅದು ಪ್ರಸಿದ್ಧ. ಹಚ್ಚಿ ಹಚ್ಚಿ ಚರ್ಮ ಕಪ್ಪಾಗಿ, ಅಂಟಾಗಿ, ಧೂಳು ಹಿಡಿಯುವುದನ್ನು ಕಂಡ ಮೇಲೆ ಸಂರಕ್ಷಣಾ ತಜ್ಞರು ಅದನ್ನು ಬಹುಮಟ್ಟಿಗೆ ಕೈಬಿಟ್ಟರು. ತೊಡುವ ಬಟ್ಟೆ ದಿನಾ ಮಡಚುತ್ತದೆ, ಅದಕ್ಕೆ ಎಣ್ಣೆಯ ಅಗತ್ಯ ಪುಸ್ತಕದ ರಟ್ಟಿಗಿಂತ ಹೆಚ್ಚು ಎನ್ನುವುದನ್ನು ಒಪ್ಪೋಣ. ಆದರೂ ಅತಿಯಾದರೆ ಆಗುವುದು ಅದೇ.

ಹಾಗಾಗಿ ಚರ್ಮದ ಬಟ್ಟೆಗೆಂದು ಮಾಡಿದ ತೆಳು ಕಂಡೀಷನರ್ ವರ್ಷಕ್ಕೆ ಒಂದೆರಡು ಸಲ ಸಾಕು. ಅದೂ ಶುಚಿ ಮಾಡಿ ಪೂರ್ತಿ ಒಣಗಿದ ಮೇಲೆ. ಕೊಳೆಯ ಮೇಲೆ ಹಚ್ಚಿದರೆ ಕೊಳೆಯನ್ನೇ ಒಳಗೆ ಕೂರಿಸಿದಂತಾಗುತ್ತದೆ. ಕಂಡೀಷನರನ್ನು ಬಟ್ಟೆಗೆ ಹಾಕಿಕೊಂಡು, ಬಟ್ಟೆಯಿಂದ ಚರ್ಮಕ್ಕೆ ಸವರಿ. ನೇರ ಚರ್ಮದ ಮೇಲೆ ಸುರಿಯಬೇಡಿ. ಅರ್ಧ ಗಂಟೆ ಬಿಟ್ಟು, ಹೀರದೆ ಉಳಿದದ್ದನ್ನು ಒರೆಸಿ ತೆಗೆಯಿರಿ. ದಪ್ಪ ಲೇಪದ ಚರ್ಮ ಇದನ್ನು ಹೀರುವುದೇ ಅಪರೂಪ, ಅದಕ್ಕೆ ಶುಚಿ ಇಟ್ಟರೇ ಅರ್ಧ ಆರೈಕೆ ಮುಗಿಯಿತು. ಶೂ ಪಾಲಿಶ್ ಹಚ್ಚುವ ಯೋಚನೆ ಬಂದರೆ, ಅದರ ಬಣ್ಣ ಒಳಗಿನ ಅಂಗಿಗೂ ಕೂತ ಸೋಫಾಕ್ಕೂ ಹತ್ತುತ್ತದೆ ಎಂಬುದು ನೆನಪಿರಲಿ. ಮತ್ತು ಒಮ್ಮೆ ಬಿರುಕು ಬಿಟ್ಟ ಚರ್ಮವನ್ನು ಯಾವ ಕ್ರೀಮೂ ಕೂಡಿಸುವುದಿಲ್ಲ; ಬಿರುಕೆಂದರೆ ಎಳೆಯೋ ಲೇಪವೋ ತುಂಡಾಗಿದೆ ಎಂದೇ ಅರ್ಥ.

ಸ್ವೀಡ್, ನ್ಯೂಬಕ್‌ಗೆ ಕಂಡೀಷನರ್ ಕ್ರೀಮು ಹಚ್ಚಲೇಬಾರದು, ನವಿರೆಲ್ಲ ಒತ್ತಿ ಮಲಗಿಬಿಡುತ್ತದೆ. ಅವಕ್ಕೆ ಬ್ರಷ್ಷು, ಹೊಳೆಯುವ ಜಾಗಕ್ಕೆ ಬಣ್ಣವಿಲ್ಲದ ರಬ್ಬರು, ಜಿಡ್ಡಿಗೆ ಪೌಡರು. ಮಣ್ಣು ಹತ್ತಿದ್ದರೆ ಒಣಗಲು ಬಿಟ್ಟು ಆಮೇಲೆ ಉದುರಿಸಬೇಕು. ಅಷ್ಟಕ್ಕೂ ಹೋಗದಿದ್ದರೆ ಮನೆಯಲ್ಲಿ ಮುಂದೆ ಪ್ರಯೋಗ ಬೇಡ.

ಬೂಷ್ಟೋ, ಕೊಬ್ಬೋ

ಬಹಳ ದಿನ ಇಟ್ಟ ಜಾಕೆಟ್ ತೆಗೆದಾಗ ಮೇಲೆ ಬೆಳ್ಳಗೆ ಪುಡಿ ಹಿಡಿದಂತೆ ಕಂಡರೆ ಎಲ್ಲರೂ ಬೂಷ್ಟು ಎಂದುಕೊಳ್ಳುತ್ತಾರೆ. ಅದು ಚರ್ಮದೊಳಗಿನ ಕೊಬ್ಬು ತಂಪು ಹವೆಯಲ್ಲಿ ಮೇಲಕ್ಕೆ ಬಂದು ಗಟ್ಟಿಯಾದದ್ದೂ ಇರಬಹುದು. ಗೊತ್ತುಮಾಡಿಕೊಳ್ಳಲು ಒಂದು ಸರಳ ಪರೀಕ್ಷೆ: ಹೇರ್ ಡ್ರೈಯರಿನ ಬೆಚ್ಚನೆಯ ಗಾಳಿಯನ್ನು ದೂರದಿಂದ ಕೆಲವು ಕ್ಷಣ ತೋರಿಸಿ. ಕೊಬ್ಬಾದರೆ ಕರಗಿ ಮಾಯವಾಗುತ್ತದೆ, ಬೂಷ್ಟು ಹಾಗೇ ಉಳಿಯುತ್ತದೆ. ಒಣಗಿಸಲು ಬೇಡವೆಂದ ಡ್ರೈಯರನ್ನು ಇಲ್ಲಿ ಒಪ್ಪುವುದು ಆ ಕೆಲವು ಕ್ಷಣಕ್ಕೆ ಮಾತ್ರ. ಬೂಷ್ಟು ಮಚ್ಚೆ ಮಚ್ಚೆಯಾಗಿ, ಜುಂಗಿನಿಂದ ಕೂಡಿ, ಮುಗ್ಗಲು ವಾಸನೆ ಸೂಸುವುದೂ ಒಂದು ಗುರುತು. ಕೊಬ್ಬನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿದರಾಯಿತು, ಚರ್ಮಕ್ಕೆ ತೊಂದರೆಯೇನಿಲ್ಲ.

ಬೂಷ್ಟಾದರೆ ಮನೆಯ ಹೊರಗೆ ಒಯ್ದು, ಮೂಗು ಬಾಯಿಗೆ ಮಾಸ್ಕ್ ಕಟ್ಟಿಕೊಂಡು, ಒಣ ಬ್ರಷ್ಷಿನಿಂದ ಉದುರಿಸಿ. ಒಳಗೆ ಉದುರಿಸಿದರೆ ಬೀಜಕಣಗಳು ಬೇರೆ ಬಟ್ಟೆಗಳಿಗೆ ಹಾರುತ್ತವೆ. ಲೇಪವಿರುವ ಚರ್ಮವಾದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ನೀರನ್ನು ಸಮಪಾಲು ಬೆರೆಸಿ, ಒಳ ಅಂಚಿನಲ್ಲಿ ಪರೀಕ್ಷಿಸಿದ ಮೇಲೆ, ಬಟ್ಟೆಯಲ್ಲಿ ತುಸುವೇ ತೆಗೆದುಕೊಂಡು ಬೇಗ ಒರೆಸಬಹುದು. ಅನಿಲೀನ್ ಚರ್ಮದಲ್ಲಿ ಇದು ಬಣ್ಣ ಎಬ್ಬಿಸುತ್ತದೆ, ಅಲ್ಲಿ ಒಣ ಬ್ರಷ್ಷಿಗೇ ನಿಲ್ಲಿಸಿ.

ಗಾಳಿಯ ಸಾಪೇಕ್ಷ ಆರ್ದ್ರತೆ 65, 70 ಶೇಕಡ ದಾಟಿ ಬಹಳ ದಿನ ನಿಂತರೆ ಬೂಷ್ಟು ಬರುತ್ತದೆ. ಬೆವರಿನ ಜಿಡ್ಡು ಅದಕ್ಕೆ ಆಹಾರ, ಆದ್ದರಿಂದ ಕೊಳೆಯಿದ್ದ ಹಾಗೇ ಒಳಗಿಡಬಾರದು. ಡ್ರೈಕ್ಲೀನಿಂಗ್ ಅಂಗಡಿಯ ಪ್ಲಾಸ್ಟಿಕ್ ಹೊದಿಕೆಯಲ್ಲೇ ವರ್ಷಗಟ್ಟಲೆ ಇಡುವವರಿದ್ದಾರೆ. ಪ್ಲಾಸ್ಟಿಕ್ ಒಳಗಿನ ತೇವವನ್ನು ಹೊರಗೆ ಬಿಡುವುದಿಲ್ಲ. ಹತ್ತಿ ಬಟ್ಟೆಯ ಹೊದಿಕೆ ಅಥವಾ ಹಳೆಯ ದಿಂಬಿನ ಚೀಲ ಮೇಲು. ಕಪಾಟಿನ ಹೊರಗೋಡೆಯ ಕಡೆ ಒತ್ತಿ ಇಡಬೇಡಿ, ಆ ಮೂಲೆ ತಂಪಾಗಿದ್ದು ತೇವ ಹಿಡಿಯುತ್ತದೆ. ಸಿಲಿಕಾ ಜೆಲ್ ಪೊಟ್ಟಣ ಹಾಕುವುದಾದರೆ ಅದು ಹೀರುವಷ್ಟು ಹೀರಿ ಸುಮ್ಮನಾಗುತ್ತದೆ ಎಂಬುದು ತಿಳಿದಿರಲಿ. ಆಗಾಗ ಬದಲಿಸಬೇಕು ಅಥವಾ ಬಿಸಿ ಮಾಡಿ ಒಣಗಿಸಬೇಕು. ಇದೆಲ್ಲಕ್ಕಿಂತ ಸುಲಭವಾದದ್ದು ಜಾಕೆಟ್ಟನ್ನು ಆಗಾಗ ಹೊರತೆಗೆದು ನೆರಳಿನ ಗಾಳಿಗೆ ಒಂದು ಹೊತ್ತು ತೂಗುಹಾಕುವುದು.

ಮಡಿಸಿಟ್ಟು ಬಿದ್ದ ಸುಕ್ಕು ಕೆಲವು ದಿನ ನೇತುಹಾಕಿದರೆ ಬಹುಪಾಲು ತಾನೇ ಬಿಡುತ್ತದೆ. ಇಸ್ತ್ರಿ ಮಾಡಲೇಬೇಕೆಂದರೆ ಅತಿ ಕಡಿಮೆ ಶಾಖದಲ್ಲಿ, ಹಬೆಯಿಲ್ಲದೆ, ಮೇಲೊಂದು ಹತ್ತಿ ಬಟ್ಟೆ ಹಾಸಿ, ಒಂದೇ ಕಡೆ ನಿಲ್ಲಿಸದೆ.

ಹೊರಗೆ ಕೊಡುವುದಾದರೆ

ಒಳಗಿನ ಲೇಬಲ್ ಓದಿ. ಗುಂಡು ವೃತ್ತದ ಮೇಲೆ ಕತ್ತರಿ ಗುರುತು (X) ಇದ್ದರೆ ಡ್ರೈಕ್ಲೀನಿಂಗ್ ಬೇಡ ಎಂದರ್ಥ. ಡ್ರೈಕ್ಲೀನಿಂಗಿನಲ್ಲಿ ನೀರಿಲ್ಲ ಎಂಬ ಧೈರ್ಯದಿಂದ ಮಾಮೂಲಿ ಬಟ್ಟೆಯ ಜೊತೆ ಚರ್ಮವನ್ನೂ ಕೊಡುವವರಿದ್ದಾರೆ. ಅಲ್ಲಿ ಬಳಸುವ ಪರ್‌ಕ್ಲೋರೋಎಥಿಲೀನ್‌ನಂಥ ದ್ರಾವಕಗಳು ಕೊಬ್ಬನ್ನು ಡಿಟರ್ಜೆಂಟಿಗಿಂತ ಚೆನ್ನಾಗಿ ಕರಗಿಸುತ್ತವೆ. ಚರ್ಮದ ಕೆಲಸ ಬಲ್ಲವರು ದ್ರಾವಕಕ್ಕೇ ಎಣ್ಣೆ ಬೆರೆಸಿ ಹೋದದ್ದನ್ನು ತುಂಬುತ್ತಾರೆ, ಬಣ್ಣ ಮಾಸಿದ ಕಡೆ ಮತ್ತೆ ಹಚ್ಚುತ್ತಾರೆ. ಆ ಏರ್ಪಾಡು ಇದೆಯೇ ಎಂದು ಕೇಳಿಯೇ ಕೊಡಬೇಕು. ಕೊಡುವಾಗ ಕಲೆ ಯಾವುದರಿಂದ ಆಯಿತು, ಮನೆಯಲ್ಲಿ ಅದರ ಮೇಲೆ ಏನೇನು ಹಚ್ಚಿದ್ದೀರಿ ಎಂದು ಮುಚ್ಚುಮರೆಯಿಲ್ಲದೆ ಹೇಳಿ. ಯಾವ ದ್ರವ ಬಳಸಬೇಕೆಂದು ಅವರು ತೀರ್ಮಾನಿಸುವುದು ಅದರ ಮೇಲೆ. ಜಾಕೆಟ್ಟಿಗೆ ಜೋಡಿಯಾದ ಪ್ಯಾಂಟೋ ಸ್ಕರ್ಟೋ ಇದ್ದರೆ ಕೊಳೆಯಿಲ್ಲದಿದ್ದರೂ ಜೊತೆಗೇ ಕೊಡಿ. ಈ ಕೆಲಸದಲ್ಲಿ ಬಣ್ಣ ಒಂದು ಛಾಯೆ ಆಚೀಚೆ ಆಗುವುದುಂಟು. ಒಂದನ್ನೇ ಕೊಟ್ಟರೆ ಮರಳಿ ಬಂದಾಗ ಜೋಡಿ ಹೊಂದುವುದಿಲ್ಲ.